ಅಳತೆಗೋಲಾದ ಮಾವನವರು

ಸೂಜಿ ಕಂಡರೆ ಆರೋಗ್ಯವಂತರೇ ಹೆಚ್ಚು ಓಡುತ್ತಾರೆ. ರೋಗಿಗಳು ಪಾಪ, ಕೈ ಚಾಚಿ ಕೂರುತ್ತಾರೆ. ರಕ್ತದ ಕಾಯಿಲೆ ಇದ್ದವರಿಗೆ ಸಕ್ಕರೆ ಕಾಯಿಲೆಯೂ ಬಂದರೆ ಅದನ್ನು ಸರಿಯಾಗಿ ಅಳೆಯುವುದು ಹೇಗೆ ಎಂಬುದು ನನ್ನ ಸಂಶೋಧನೆ. ಹೋಲಿಸಿ ನೋಡಲು ಮೂವತ್ತು ಜನ ಆರೋಗ್ಯವಂತರ ರಕ್ತ ಬೇಕಿತ್ತು. ಇಪ್ಪತ್ತೊಂಬತ್ತು ಜನ ಹೇಗೋ ಸಿಕ್ಕರು. ಮೂವತ್ತನೆಯವರಿಗಾಗಿ ಮನೆಯವರ ಮೇಲೇ ಕಣ್ಣು ಹಾಕಿದೆ. ಗಂಡನಿಗೆ ಅದೇ ದಿನ ತುರ್ತಾಗಿ ಪ್ರವಾಸದ ಕೆಲಸ ಬಂತು. ಮಾವನವರು ಮಾತ್ರ ಅಂಗಿಯ ತೋಳು ಮಡಿಸಿಕೊಂಡು ಮುಂದೆ ಬಂದರು.

ಅವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆಯಲ್ಲಿ ಅವರ ಅಂಕಿ ನಾಲ್ಕು ಪಾಯಿಂಟ್ ಒಂದು ಬಂತು. ಐದೂವರೆ ಇದ್ದರೇ ನಾವು ಭೇಷ್ ಅನ್ನುತ್ತೇವೆ. ಆರೋಗ್ಯಕ್ಕೆ ಇನ್ನು ಮೇಲೆ ಇವರೇ ಅಳತೆಗೋಲು ಎಂದಳು ನಮ್ಮ ಟೆಕ್ನಿಷಿಯನ್. ನಾನು ಹೆಮ್ಮೆಯಿಂದ ವರದಿಗೆ ಸಹಿ ಹಾಕಿ, ಕೆಳಗೆ 'ಅತ್ಯುತ್ತಮ' ಎಂದು ಬೇರೆ ಬರೆದೆ. ಅಲ್ಲೇ ಎಡವಟ್ಟಾಯಿತು.

ಮಾವನವರು ಅದಕ್ಕೆ ಕಟ್ಟು ಹಾಕಿಸಿ, ತಮ್ಮ ಮದುವೆ ಫೋಟೋಗಿಂತ ಒಂದು ಗೇಣು ಮೇಲೆ ತೂಗುಹಾಕಿದರು. ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಜಾಮ್ ಶೀಶೆಗೆ ನೇರವಾಗಿ ಚಮಚ ಇಳಿಯಿತು. ಅತ್ತೆ ಸಕ್ಕರೆ ಡಬ್ಬಿ ಬಚ್ಚಿಟ್ಟರೆ ಮಾವ ಕೋಲು ಹಿಡಿದು ಗೋಡೆ ತೋರಿಸಿ, ಸಹಿ ಹಾಕಿದ್ದು ನಿನ್ನ ಸೊಸೆಯೇ ತಾನೇ ಎಂದು ಪಾಠ ಮಾಡುತ್ತಿದ್ದರು. ಅತ್ತೆ ನನ್ನ ಕಡೆ ನೋಡಿ ಮುಖ ತಿರುಗಿಸುತ್ತಿದ್ದರು.

ಎರಡು ವರ್ಷ ಹೀಗೇ ನಡೆಯಿತು. ಈಚೆಗೆ ಅವರು ಜಗ್‌ಗಟ್ಟಲೆ ನೀರು ಕುಡಿದು ಸೆಖೆ ಎನ್ನುತ್ತಿದ್ದರು. ಗೆರೆ ಸೊಟ್ಟಗಾದರೆ ಪೆನ್ಸಿಲ್ ಮಾಡಿದವರನ್ನು ಬೈಯುತ್ತಿದ್ದರು. ಅತ್ತೆಯ ಚಿತ್ರ ಬರೆದಾಗ ಒಂದು ಕಿವಿ ಭುಜಕ್ಕೆ ಇಳಿದಿತ್ತು. ಅತ್ತೆ ಎರಡು ದಿನ ಮಾತು ಬಿಟ್ಟರು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಸಕ್ಕರೆ ಕಾಯಿಲೆಯ ಮೇಲೆ ಡಾಕ್ಟರೇಟ್ ಪಡೆದವಳು ನಾನು, ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಕಳೆದ ಬುಧವಾರ ನನ್ನ ಹೊಸ ಪ್ರಬಂಧದ ಮೊದಲ ಪುಟಕ್ಕೆ ಆರೋಗ್ಯವಂತ ರಕ್ತದ ಫೋಟೋ ಬೇಕಾಯಿತು. ಮಾವನವರದಕ್ಕಿಂತ ಬೇರೆ ಬೇಕೆ? ಎರಡು ವರ್ಷದ ಹಿಂದೆ ಅವರ ರಕ್ತ ಸವರಿ ಇಟ್ಟಿದ್ದ ಗಾಜಿನ ಸ್ಲೈಡನ್ನು ಮೊದಲ ಸಲ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಕೆಂಪು ರಕ್ತಕಣಗಳು ನಡುವೆ ತಗ್ಗಾಗಿ ಚಪ್ಪಟೆ ಇರಬೇಕು. ಇವರವು ಗೋಲಿಗಳ ಹಾಗೆ ಉಂಡುಂಡಗೆ ಬಿದ್ದಿದ್ದವು. ಇಂಥ ಕಣಗಳು ನಾಲ್ಕು ತಿಂಗಳು ಬಾಳುವ ಬದಲು ಒಂದೇ ತಿಂಗಳಿಗೆ ಒಡೆದುಹೋಗುತ್ತವೆ. ಕಣಕ್ಕೆ ಎಷ್ಟು ಸಕ್ಕರೆ ಅಂಟಿದೆ ಎಂದು ಅಳೆಯುವುದೇ ನಮ್ಮ ಪರೀಕ್ಷೆ. ಅಂಟಲು ಪುರಸೊತ್ತೇ ಇಲ್ಲದಿದ್ದರೆ ಅಂಕಿ ಕಡಿಮೆಯೇ ಬರುತ್ತದೆ. ಹೊಸ್ತಿಲಿಂದಲೇ ವಾಪಸು ಹೋದ ನೆಂಟರನ್ನು ಊಟ ಹೇಗಿತ್ತು ಎಂದು ಕೇಳಿದ ಹಾಗೆ. ಇದೇ ವಿಷಯದ ಮೇಲೆ ನಾನು ಎರಡು ಸಮ್ಮೇಳನಗಳಲ್ಲಿ ಭಾಷಣ ಬಿಗಿದಿದ್ದೆ. ನಮ್ಮ ಮನೆಯ ರಕ್ತ ತಾನೇ ಎಂದು ಸ್ಲೈಡ್ ನೋಡುವ ಗೋಜಿಗೇ ಹೋಗಿರಲಿಲ್ಲ. ನಿಜವಾದ ಸಕ್ಕರೆ ಏರುತ್ತಲೇ ಇದ್ದು ಕಣ್ಣನ್ನು ಕೆಡಿಸುತ್ತಿರಬೇಕು; ಗೆರೆಗಳು ಯಾಕೆ ಸೊಟ್ಟಗಾಗುತ್ತಿದ್ದವು ಎಂದು ಆಗ ಹೊಳೆಯಿತು. ಡ್ರಾಯಿಂಗ್ ಮೇಷ್ಟ್ರ ಕಣ್ಣೇ ಹೋದರೆ ಗತಿಯೇನು?

ಬೆರಳಿಗೆ ಚುಚ್ಚಿ ಆ ಕ್ಷಣದ ಸಕ್ಕರೆ ಹೇಳುವ ಪುಟ್ಟ ಯಂತ್ರ ಹಿಡಿದು ಮನೆಗೆ ಓಡಿದೆ. ಮಾವ ಸುತರಾಂ ಒಪ್ಪಲಿಲ್ಲ. ವರದಿಯನ್ನು ಗೋಡೆಯಿಂದ ಇಳಿಸಲು ಹೋದರೆ ಕಟ್ಟಿನ ಇನ್ನೊಂದು ತುದಿ ಹಿಡಿದರು. ಓದಿದವರಿಬ್ಬರೂ ಅದನ್ನು ಎಳೆದಾಡುತ್ತ ಸೋಫಾಕ್ಕೆ ಎರಡು ಸುತ್ತು ಬಂದೆವು. ಕೊನೆಗೆ ಅತ್ತೆ ಹಿಂದಿನಿಂದ ಬಂದು ಅವರ ಎಡಗೈ ಅಮುಕಿ ಹಿಡಿದರು.

"ಚುಚ್ಚೇ, ನಾನು ಹಿಡ್ಕೊಂಡಿದೀನಿ."

ಮುನ್ನೂರ ಹದಿನೆಂಟು. ಯಂತ್ರ ಕೆಟ್ಟಿದೆ ಎಂದರು ಮಾವ. ಅತ್ತೆಗೆ ಚುಚ್ಚಿದೆ, ನೂರ ಎರಡು ಬಂತು. ನನಗೆ ಚುಚ್ಚಿಕೊಂಡೆ, ತೊಂಬತ್ತೆಂಟು. ಪಕ್ಕದ ಮನೆಯವರನ್ನೂ ಕರೆದು ನೋಡೋಣ ಎಂದು ಮಾವ ಬಾಗಿಲ ಕಡೆ ಹೊರಟಾಗ ಅತ್ತೆ ಚಿಲಕ ಹಾಕಿದರು.

ಮರುದಿನ ಬೆಳಿಗ್ಗೆಯೇ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ದಾರಿಯುದ್ದಕ್ಕೂ ಅವರದು ಒಂದೇ ದೂರು: ಆರೋಗ್ಯವಂತರ ಪಟ್ಟಿಯಿಂದ ರೋಗಿಗಳ ಪಟ್ಟಿಗೆ ತಳ್ಳುವ ಮುಂಚೆ ಒಂದು ನೋಟೀಸಾದರೂ ಕೊಡಬೇಕಿತ್ತು. ಡಾಕ್ಟರು ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂಭಾಗ ಊದಿಕೊಂಡಿದೆ, ಕಣ್ಣಿಗೆ ಇಂಜೆಕ್ಷನ್ ಕೊಟ್ಟು ಸಕ್ಕರೆಯನ್ನೂ ಇಳಿಸಿದರೆ ದೃಷ್ಟಿ ಬಹುಮಟ್ಟಿಗೆ ಉಳಿಯುತ್ತದೆ, ಆದರೆ ಆರು ತಿಂಗಳು ಮೊದಲೇ ಬರಬೇಕಿತ್ತು ಎಂದರು. ನಿಮಗೇನೂ ಗೊತ್ತಾಗಲಿಲ್ಲವೇ ಎಂದು ಮಾವನನ್ನು ಕೇಳಿದರು.

ಮಾವ ನನ್ನ ಕಡೆ ತಿರುಗಿದರು.

"ಗೊತ್ತಾಗಿತ್ತಮ್ಮ. ನಿನ್ನ ಮುಖದ ನಡುಮಧ್ಯೆ ಒಂದು ಕಪ್ಪು ಚುಕ್ಕೆ ಕಾಣ್ತಿತ್ತು. ನೀನು ಎಲ್ಲಾ ಚೆನ್ನಾಗಿದೆ ಅಂತ ಬರೆದುಕೊಟ್ಟಿದ್ದೆಯಲ್ಲ, ನನಗೇ ಏನೋ ಭ್ರಮೆ ಅಂದ್ಕೊಂಡೆ."

ಡಾಕ್ಟರು ಎದ್ದು ನನಗೊಂದು ಕುರ್ಚಿ ಎಳೆದುಕೊಟ್ಟರು.