ಕೈ ಒಳಗೆ

ಶಾಲೆಗಳ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಒಂಬತ್ತು ವರ್ಷದಿಂದ ಸ್ಕೂಲ್ ವ್ಯಾನ್ ಓಡಿಸುತ್ತಿದ್ದೇನೆ. ದಿನಾ ಹದಿನಾಲ್ಕು ಮಕ್ಕಳು, ನಾಲ್ಕು ಶಾಲೆ. ಯಾವ ಗೇಟಿನೊಳಗೆ ಮಕ್ಕಳು ಓಡುತ್ತಾರೆ, ಯಾವುದರೊಳಗೆ ಕಾಲೆಳೆಯುತ್ತಾ ಹೋಗುತ್ತಾರೆ ಎಂಬುದು ಕಣ್ಣು ಮುಚ್ಚಿಕೊಂಡರೂ ಗೊತ್ತು. ಇಷ್ಟೆಲ್ಲ ಗೊತ್ತಿದ್ದವಳು ನನ್ನ ಮಗನ ವಿಷಯ ಬಂದಾಗ ಶುದ್ಧ ದಡ್ಡಿಯ ಹಾಗೆ ನಡೆದುಕೊಂಡೆ. ಅದನ್ನೇ ಹೇಳುತ್ತೇನೆ, ಕೇಳಿ.

ಮಗನಿಗೆ ಐದು ವರ್ಷ. ಮನೆಯಲ್ಲಿ ಅವನನ್ನು ಸಾಹೇಬರು ಎನ್ನುತ್ತೇವೆ, ಏಕೆಂದರೆ ಕರೆದಾಗ ತಿರುಗಿ ನೋಡುವುದು ಬಿಡುವುದು ಅವರ ಮರ್ಜಿ. ಮಾತು ಕಡಿಮೆ. ಖುಷಿಯಾದರೆ ಎರಡೂ ಕೈಗಳನ್ನು ಭುಜದ ಹತ್ತಿರ ತಂದು ಪಟಪಟ ಆಡಿಸುತ್ತಾನೆ, ಹೆದರಿದರೂ ಅದೇ. ನೋಡುವವರಿಗೆ ಎರಡೂ ಒಂದೇ, ನನಗೆ ಬೇರೆ ಬೇರೆ. ಆಟಿಸಂ ಎಂದು ಡಾಕ್ಟರು ಎರಡು ವರ್ಷದ ಹಿಂದೆಯೇ ಬರೆದುಕೊಟ್ಟಿದ್ದರು. ಆ ಕಾಗದವನ್ನು ಬೀರುವಿನಲ್ಲಿ ಬಟ್ಟೆಗಳ ಅಡಿಗೆ ತುರುಕಿಟ್ಟಿದ್ದೆ.

ನನ್ನ ಗಂಡನ ಅಕ್ಕ, ಅಂದರೆ ಅತ್ತಿಗೆ, ಊರಿಗೇ ದೊಡ್ಡದೆನಿಸಿದ ಶಾಲೆಯೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತಾರೆ. ಯಾರ್ಯಾರದೋ ಕೈಕಾಲು ಹಿಡಿದು ನಮ್ಮವನಿಗೆ ಅಲ್ಲಿ ಸಂದರ್ಶನ ಗೊತ್ತುಮಾಡಿಸಿದರು. ಡಾಕ್ಟರ ಕಾಗದದ ಸುದ್ದಿ ಎತ್ತಲೇಬೇಡ, ಆ ಕೈ ಆಡಿಸುವುದೊಂದನ್ನು ಬಿಡಿಸು, ಉಳಿದದ್ದು ನನಗಿರಲಿ ಎಂದರು. ಅಂಥ ಶಾಲೆ ಕರೆದರೆ ಯಾರಿಗೆ ಬೇಡ? ನಾನೂ ಕೋಲೆಬಸವನ ಹಾಗೆ ತಲೆಯಾಡಿಸಿದೆ.

ವ್ಯಾನ್ ಓಡಿಸುವವಳಿಗೆ ಗೊತ್ತಿರುವುದು ವ್ಯಾನಿನ ವಿದ್ಯೆ. ಗಾಡಿ ಹೊರಡುವ ಮುಂಚೆ ನಾನು ಹೇಳುವುದು ಒಂದೇ ಮಾತು: ಕೈ ಒಳಗೆ. ಕಿಟಕಿಯಾಚೆ ಒಂದು ಬೆರಳು ಕಂಡರೂ ಗಾಡಿ ಅಲ್ಲಾಡುವುದಿಲ್ಲ. ಸಾಹೇಬರು ಅದನ್ನು ನನ್ನ ಪಕ್ಕದ ಸೀಟಿನಲ್ಲಿ ಕೂತು ದಿನಕ್ಕೆ ಹತ್ತು ಸಲ ಕೇಳಿದವರು. ಅದನ್ನೇ ಹಿಡಿದುಕೊಂಡೆ. ಮನೆಯಲ್ಲಿ ಕುರ್ಚಿಯ ಮೇಲೆ ಕೂರಿಸಿ, ಅವನ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿ, "ಕೈ ಒಳಗೆ" ಎನ್ನುತ್ತಿದ್ದೆ. ಮೊದಮೊದಲು ಒಂದು ನಿಮಿಷ, ಬರಬರುತ್ತಾ ಕಾಲು ಗಂಟೆ. ಮೂರು ತಿಂಗಳಲ್ಲಿ ಕಲಿತುಬಿಟ್ಟ. ನಾನು ಓಣಿಗೆಲ್ಲ ಕೇಳುವ ಹಾಗೆ ಹೊಗಳಿದೆ. ಥೂ, ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಸಂದರ್ಶನದ ದಿನ ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ಅವನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿದರು. ಅತ್ತಿಗೆ ಬಾಗಿಲ ಬಳಿ ನಿಂತರು. ಮೇಡಂ ಬಣ್ಣ ಕೇಳಿದರು, ಹೇಳಿದ. ಎಣಿಸು ಎಂದರು, ಇಪ್ಪತ್ತರವರೆಗೆ ಎಣಿಸಿದ. ಕೈಗಳು ತೊಡೆಯ ಕೆಳಗೇ ಇದ್ದವು. ಅಷ್ಟರಲ್ಲಿ ಎಲ್ಲಿಂದಲೋ ಒಂದು ನೊಣ ಬಂದು ಅವನ ಕೆನ್ನೆಯ ಮೇಲೆ ಕೂತಿತು.

ಬೇರೆ ಮಗುವಾಗಿದ್ದರೆ ಓಡಿಸುತ್ತಿತ್ತು. ಇವನು ಮುಖ ಕಿವುಚಿದ, ತಲೆ ಕೊಡವಿದ. ನೊಣ ಹಾರಿ ಮತ್ತೆ ಅಲ್ಲೇ ಕೂತು ಕಣ್ಣಿನ ತುದಿಯತ್ತ ಹೊರಟಿತು. ಕಣ್ಣು ಪಿಳಿಪಿಳಿ ಬಡಿದುಕೊಂಡಿತು, ನೀರು ಇಳಿಯಿತು, ಕೈ ಮಾತ್ರ ಹೊರಗೆ ಬರಲಿಲ್ಲ. ಮೇಡಂ ನಗುತ್ತಿದ್ದರು. "ಎಂಥ ಶಿಸ್ತು ನೋಡಿ. ನಮಗೆ ಬೇಕಾಗಿರೋದು ಇಂಥ ಮಕ್ಕಳೇ. ಸೀಟು ಸಿಕ್ತು ಅಂದ್ಕೊಳ್ಳಿ."

ನಾನು ಎದ್ದು ನೊಣ ಓಡಿಸಿದೆ. ಕೈ ತೆಗಿ ಕಂದ ಎಂದೆ. ತೆಗೆಯಲಿಲ್ಲ. ನಾನೇ ಎಳೆದು ತೆಗೆದೆ. ಅಂಗೈ ತುಂಬ ಬೆತ್ತದ ಹೆಣಿಗೆಯ ಗುರುತು ಕೆಂಪಗೆ ಮೂಡಿತ್ತು. ಅವನು ನನ್ನ ಮುಖ ನೋಡಿ, ಕೈಗಳನ್ನು ಮತ್ತೆ ಒಳಗೆ ಸೇರಿಸಿಕೊಂಡ. ನಾನು ಮೇಡಂ ಕಡೆ ತಿರುಗಿದೆ.

"ಇದು ಶಿಸ್ತಲ್ಲ ಮೇಡಂ," ಎಂದೆ. "ಇವನಿಗೆ ಆಟಿಸಂ ಇದೆ. ಕೈ ಆಡಿಸ್ತಾನೆ, ಅದೇ ಅವನ ಮಾತು. ಅದನ್ನ ಹೊಸಕಿ ಇಲ್ಲಿಗೆ ಕರ್ಕೊಂಡು ಬಂದಿದೀನಿ."

ಅತ್ತಿಗೆ ಹಣೆ ಚಚ್ಚಿಕೊಂಡರು. ಮೇಡಂ ಸಿಟ್ಟಾಗಲಿಲ್ಲ, ಅದನ್ನು ಒಪ್ಪಬೇಕು. ಅರ್ಜಿಯಲ್ಲಿ ಅದನ್ನೆಲ್ಲ ಬರೆಯುವುದು ಬೇಡ, ತರಗತಿಯಲ್ಲೂ ಹೀಗೇ ಕೂರುವುದಾದರೆ ನಮ್ಮ ಅಭ್ಯಂತರವಿಲ್ಲ, ಹೊರಗಿನವರು ಬರುವ ದಿನ ಮಾತ್ರ ಮನೆಯಲ್ಲಿ ಇಟ್ಟುಕೊಳ್ಳಿ ಎಂದರು. ದೊಡ್ಡ ಮನಸ್ಸು ಮಾಡುತ್ತಿದ್ದೇನೆ ಎಂದೇ ಅವರು ನಂಬಿದ್ದರು. ಥ್ಯಾಂಕ್ಸ್ ಹೇಳು ಎಂದು ಅತ್ತಿಗೆ ಕಣ್ಸನ್ನೆ ಮಾಡಿದರು.

"ಹೀಗೇ ಕೂರಬೇಕು ಅಂದ್ರೆ ಇವನು ಬರಲ್ಲ," ಎಂದೆ. "ನಿಮ್ಮ ಸೀಟು ನಿಮ್ಮ ಹತ್ರಾನೇ ಇರ್ಲಿ." ಮಗನನ್ನು ಎತ್ತಿಕೊಂಡು ಹೊರಗೆ ಬಂದೆ.

ಗೇಟಿನ ತನಕ ಅತ್ತಿಗೆ ಬೆನ್ನು ಬಿಡಲಿಲ್ಲ. ತಮ್ಮ ಮರ್ಯಾದೆಯನ್ನು ನಾನು ಮೂರು ಕಾಸಿಗೆ ಹರಾಜು ಹಾಕಿದೆನೆಂದರು, ಇನ್ನು ಈ ಜನ್ಮದಲ್ಲಿ ಇಂಥ ಸೀಟು ಸಿಕ್ಕೀತೇ ಎಂದರು. ಅಳುತ್ತಲೂ ಇದ್ದರು, ಪಾಪ. ಅವನೆಂದರೆ ಅವರಿಗೂ ಜೀವವೇ. "ಅವನ ಬಾಳಿಗೆ ಕೈಯಾರೆ ಕಲ್ಲು ಹಾಕಿದ್ಯಲ್ಲೇ."

"ಹಾಕಿದ್ದು ಹೌದು ಅತ್ತಿಗೆ. ಆದ್ರೆ ಇವತ್ತಲ್ಲ. ಮೂರು ತಿಂಗಳಿಂದ ದಿನಾ ಹಾಕ್ತಿದ್ದೆ."

ಮನೆಗೆ ಹೋಗಿ ಬೀರುವಿನಿಂದ ಕಾಗದ ತೆಗೆದೆ. ನಾನು ಹೋಗುವ ನಾಲ್ಕು ಶಾಲೆಗಳಲ್ಲಿ ತೀರ ಚಿಕ್ಕದೊಂದು ಮರದ ಮಿಲ್ಲಿನ ಹಿಂದಿದೆ. ತಗಡಿನ ಸೂರು, ಎರಡೇ ಕೋಣೆ. ಹೆಸರಿಲ್ಲದ ಶಾಲೆ ಎಂದು ಇಷ್ಟು ದಿನ ಮೂಗು ಮುರಿದಿದ್ದೆ. ಆದರೆ ಅಲ್ಲಿ ಇಳಿಯುವ ನನ್ನ ವ್ಯಾನಿನ ಇಬ್ಬರು ಮಕ್ಕಳು ಗಾಡಿ ನಿಲ್ಲುವ ಮೊದಲೇ ಚೀಲ ಹೆಗಲಿಗೇರಿಸಿರುತ್ತಾರೆ. ಅವತ್ತೇ ಮಧ್ಯಾಹ್ನ ಮಗನನ್ನೂ ಕರೆದುಕೊಂಡು ಹೋಗಿ, ಅಲ್ಲಿದ್ದ ಟೀಚರ ಮುಂದೆ ಕಾಗದ ಇಟ್ಟೆ. ಮೊದಲು ಓದಿ, ಆಗದಿದ್ದರೆ ಈಗಲೇ ಹೇಳಿ, ನಾನು ಅಂಗಲಾಚಲು ಬಂದವಳಲ್ಲ ಎಂದೆ. ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ.

ಅವರು ಎರಡು ಸಲ ಓದಿದರು. "ಇಂಥ ಮಗೂಗೆ ನಾನು ಪಾಠ ಮಾಡಿಲ್ಲಮ್ಮ. ನನಗೆ ಗೊತ್ತಿಲ್ಲ. ನೀವು ಹೇಳಿಕೊಟ್ರೆ ಕಲೀತೀನಿ."

ಗೊತ್ತಿಲ್ಲ ಎಂದು ಇಷ್ಟು ದಿನದಲ್ಲಿ ಯಾರೊಬ್ಬರೂ ಹೇಳಿರಲಿಲ್ಲ. ಬಾಯಿಗೆ ಬಂದಿದ್ದ ಬೈಗಳೆಲ್ಲ ಅಲ್ಲೇ ನಿಂತವು.

ಟೀಚರು ಅವನ ಮುಂದೆ ಸ್ಲೇಟು, ಸೀಮೆಸುಣ್ಣ ಇಟ್ಟರು. ಅವನು ಸೀಮೆಸುಣ್ಣವನ್ನೇ ನೋಡುತ್ತಾ, ಅಂಗೈಗಳ ಮೇಲೆ ಕೂತೇ ಇದ್ದ. ಬರೆಯುವುದೆಂದರೆ ಹೆದರಿಕೆಯೇ, ಇದೂ ಈ ಕಾಗದದಲ್ಲಿ ಇರುವುದೇ ಎಂದು ಕೇಳಿದರು.

"ಇಲ್ಲ. ಇದು ನಾನು ಕಲಿಸಿದ್ದು," ಎಂದೆ. ತಲೆ ತಗ್ಗಿಸಲಿಲ್ಲ. "ಮೊದಲು ಇದನ್ನ ಮರೆಸೋಣ. ಅಕ್ಷರ ಆಮೇಲೆ."