ತಡಿಯಪ್ಪನ ಹಲಗೆಗಳು

ಶೆಡ್ಡಿನ ಅಟ್ಟಿಯಿಂದ ಬಡಗಿ ಎರಡನೆಯ ಹಲಗೆ ಎಳೆಯುತ್ತಿದ್ದಾಗ ಅವಳು ಅಡ್ಡ ಬಂದು ನಿಂತಳು.

"ಬಿಡಪ್ಪ ಅದನ್ನ. ಅದಿನ್ನೂ ಒಣಗಿಲ್ವಂತೆ."

"ಹಾಗಂದೋರು ಒಳಗೆ ಮಲಗಿದಾರಲ್ಲ ಅಕ್ಕ." ಬಡಗಿ ಬೆವರೊರೆಸಿಕೊಂಡ. ತೀರಿಕೊಂಡ ಅವಳ ಗಂಡನ ಜೊತೆ ಮರದ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ದುಡಿದವನು. "ಒಂದಂಗುಲದ ತೇಗ. ಹನ್ನೊಂದು ವರ್ಷ ಆಯ್ತು. ಇನ್ನೇನು ಒಣಗತ್ತೆ?"

ಬಾಗಿಲಲ್ಲಿ ನಿಂತಿದ್ದ ಅವಳ ತಮ್ಮ ಗಡಿಯಾರ ನೋಡಿದ. "ನಾಲ್ಕು ಗಂಟೆಗೆ ಮಣ್ಣು. ಅಂಗಡಿಯಿಂದ ಒಂದು ಪೆಟ್ಟಿಗೆ ತಂದುಬಿಡೋಣ ಅಂದ್ರೆ ಯಾರು ಕೇಳ್ತೀರಾ?"

"ಅವೆಲ್ಲ ನೀಲಗಿರಿ. ಅದರಲ್ಲಿ ನಿಮ್ಮ ಭಾವನ್ನ ಮಲಗಿಸಿದ್ರೆ ಎದ್ದು ಬಂದು ಬೈತಾರೆ," ಎಂದ ಬಡಗಿ.

ಅವಳಿಗೆ ನಗಲೂ ತ್ರಾಣವಿರಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಆರು ದಿನ ಕೂತ ಬೆನ್ನು. "ಸ್ವಲ್ಪ ಇರಿ," ಎಂದಷ್ಟೇ ಹೇಳಿ ಒಳಗೆ ಹೋದಳು.

*

ಮಗಳ ಮಂಚಕ್ಕೆಂದು ಗಂಡ ತಂದ ಹಲಗೆಗಳು ಅವು. ಗಾಳಿಯಾಡಲೆಂದು ನಡುನಡುವೆ ರೀಪಿನ ಪಟ್ಟಿ ಇಟ್ಟು, ತುದಿಗಳಿಗೆ ಮೇಣ ಬಳಿದು ಪೇರಿಸಿದ್ದ. ತುದಿ ಮೊದಲು ಒಣಗಿದರೆ ಅಲ್ಲಿಂದಲೇ ಸೀಳುತ್ತದಂತೆ.

"ತೇಗ ಹೇಳಿದ ಮಾತು ಕೇಳತ್ತೆ. ಬೀಟೆ ನಿಧಾನಿ, ಆದ್ರೆ ನಂಬಬಹುದು. ನೀಲಗಿರಿ ಮಾತ್ರ ಮೇಲೆ ನಗ್ತಾ ಇರತ್ತೆ, ಒಳಗೊಳಗೇ ಬಿರುಕು ಬಿಟ್ಟಿರತ್ತೆ," ಎನ್ನುತ್ತಿದ್ದ.

"ಮಾತು ಕೇಳೋ ಮರ ತಾನೇ? ಮಂಚ ಯಾವಾಗ?"

"ತಡಿಯೇ."

ಮಿಲ್ಲಿನವರು ಅವನಿಗಿಟ್ಟ ಹೆಸರೇ ತಡಿಯಪ್ಪ. ವರ್ಷ ವರ್ಷವೂ ಹಲಗೆಗೆ ಕೆನ್ನೆ ತಾಗಿಸಿ ತಂಪು ನೋಡುವುದು, ತಡಿ ಎನ್ನುವುದು. ಮಗಳು ಮದುವೆಯಾಗಿ ಕಬ್ಬಿಣದ ಮಂಚ ಕೊಂಡಳು. ಇವಳು ಬೈದು ಬೈದು ಸಾಕಾಗಿ ಸುಮ್ಮನಾದಳು.

*

ಒಳಗೆ ಶವದ ಪಕ್ಕ ತಲೆ ಬೆಳ್ಳಗೆ ನರೆತ ಹೆಂಗಸೊಬ್ಬರು ಕೂತಿದ್ದರು. ಕಾಲುವೆ ಪಕ್ಕದ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದೆ ಎಂದರು.

"ನಮ್ಮ ಶಾಲೆ ಹಾಲ್‌ನ ನೆಲಕ್ಕೆ ಹಲಗೆ ಬಂದಿದ್ದು ಇವರ ಮಿಲ್ಲಿಂದ. ಮೂರೇ ತಿಂಗಳಿಗೆ ನುಲಿದು ಎದ್ದು ನಿಂತವು. ಒಂದು ಹುಡುಗಿ ಎಡವಿ ಬಿದ್ದು ಹಲ್ಲು ಮುರ್ಕೊಂಡ್ಲು. ನಿಮ್ಮ ಕಟ್ಟಡದಲ್ಲೇ ತೇವ ಇದೆ ಅಂತ ಮಿಲ್ಲಿನ ಧಣಿ ಕೈ ತೊಳ್ಕೊಂಡ್ರು. ಮಾರನೇ ದಿನ ಇವರು ಬಂದ್ರು. 'ಒಣಗಿದೆ ಅಂದೋನು ನಾನೇ ಮೇಡಂ. ಅವಸರ ಮಾಡಿದ್ರು, ಹೂಂ ಅಂದ್ಬಿಟ್ಟೆ' ಅಂದ್ರು. ವರ್ಷಪೂರ್ತಿ ಭಾನುವಾರ ಬಂದು ಒಂದೊಂದೇ ಹಲಗೆ ಕಿತ್ತು ಬೇರೆ ಕೂರಿಸಿದ್ರು."

"ಭಾನುವಾರ," ಎಂದಳು ಅವಳು. ಹನ್ನೆರಡು ವರ್ಷದ ಹಿಂದಿನ ಮಾತು. ಆ ವರ್ಷ ಇಬ್ಬರ ನಡುವೆ ಮಾತೇ ನಿಂತುಹೋಗಿತ್ತು. "ಇಸ್ಪೀಟಾಡೋಕೆ ಹೋಗ್ತಾರೆ ಅಂದ್ಕೊಂಡಿದ್ದೆ."

"ನೀವು ಕೇಳಲಿಲ್ವಾ?"

"ಮೊದಮೊದಲು ಕೇಳಿದ್ದೆ. ತಡಿ, ಹೇಳ್ತೀನಿ ಅಂದಿದ್ರು."

ಅವಳು ಗಂಡನ ಮುಖ ನೋಡಿದಳು. ಮಂಚದ ಹಲಗೆಗಳು ಬಂದದ್ದು ಅದರ ಮರುವರ್ಷವೇ. ಆಮೇಲೆ ಮೊಣಕಾಲಿಗೆ ಕೈಕೊಟ್ಟು ಎದ್ದು, ಗೋಡೆ ಹಿಡಿದುಕೊಂಡು ಶೆಡ್ಡಿಗೆ ಬಂದಳು. ಬಡಗಿ ಹಲಗೆಯ ಮೇಲೆಯೇ ಕೂತಿದ್ದ.

"ಒಣಗಿದೆ. ಕುಯ್ಯಿ."

"ನೋಡಿದ್ರಾ ಅಕ್ಕ?"

"ಒಣಗಿದೆ ಅಂತ ನಾನು ಹೇಳ್ತಿದೀನಲ್ಲ."

ಗರಗಸ ಓಡಿತು. ಹುಡಿ ಹಗುರವಾಗಿ ಎದ್ದು ಅಂಗಳ ದಾಟಿ, ಬಂದವರು ಬಾಗಿಲಾಚೆ ಬಿಟ್ಟಿದ್ದ ಚಪ್ಪಲಿಗಳ ಮೇಲೆ ಕೂರತೊಡಗಿತು. ಹೊರಡುವ ಹೊತ್ತಿಗೆ ಯಾರಿಗೂ ಕೊಡವಿಕೊಳ್ಳುವ ವ್ಯವಧಾನವಿರಲಿಲ್ಲ. ಪೆಟ್ಟಿಗೆಯ ಹಿಂದೆ ನಡೆದವರ ಪಾದಗಳೆಲ್ಲ ಹಳದಿಯಾಗಿದ್ದವು.