ಬೆಂಡೆ ಗುರುತಿನ ಬೆಲ್ಲ

ನಾನು ಒಂದು ಅಚ್ಚಿನ ಹಲಗೆ. ಹುಟ್ಟಿದ್ದು ತೇಗದ ಮರದಲ್ಲಿ, ಬೆಳೆದದ್ದು ಮದ್ದೂರಿನ ಆಚೆಯ ಒಂದು ಆಲೆಮನೆಯಲ್ಲಿ. ಕುದಿದ ಕಬ್ಬಿನ ಪಾಕವನ್ನು ನನ್ನ ಮೈಮೇಲಿನ ಇಪ್ಪತ್ತನಾಲ್ಕು ಗುಳಿಗಳಿಗೆ ಹುಯ್ಯುತ್ತಾರೆ. ಆರಿದ ಮೇಲೆ ನನ್ನನ್ನು ಬೋರಲು ಹಾಕಿ ಬೆನ್ನಿಗೆ ನಾಲ್ಕು ಬಿಗಿದರೆ ಇಪ್ಪತ್ತನಾಲ್ಕು ಅಚ್ಚು ಬೆಲ್ಲ ಉದುರುತ್ತವೆ. ಪೆಟ್ಟು ತಿಂದು ಸಿಹಿ ಕೊಡುವುದು ನನ್ನ ಕಸುಬು. ನನ್ನನ್ನು ಕೊರೆದವರು ಸಿದ್ದಾಚಾರಿ. ಆಗ ನನ್ನ ಗುಳಿಗಳ ತಳ ಬೋಳಾಗಿತ್ತು. ಊರಿನ ಎಲ್ಲ ಹಲಗೆಗಳದ್ದೂ ಹಾಗೆಯೇ ಇದ್ದುದರಿಂದ ನನಗೇನೂ ಬೇಸರವಿರಲಿಲ್ಲ.

ಬೇಸರವಿದ್ದದ್ದು ನನ್ನ ಒಡತಿ ಕೆಂಪಾಜಮ್ಮನಿಗೆ. ಅವಳು ಎಲ್ಲರಂತೆ ಪಾಕಕ್ಕೆ ಬಣ್ಣ ಬೆಳ್ಳಗಾಗಿಸುವ ಪೇಟೆಯ ಪುಡಿ ಹಾಕುವವಳಲ್ಲ. ಬೆಂಡೆ ಗಿಡ ಜಜ್ಜಿ, ನೀರಲ್ಲಿ ಕಿವುಚಿ, ಆ ಲೋಳೆಯನ್ನು ಕೊಪ್ಪರಿಗೆಗೆ ಬಿಡುವಳು. ಮಡ್ಡಿಯೆಲ್ಲ ಮೇಲೆ ಬರುವುದು, ತೆಗೆದು ಚೆಲ್ಲುವಳು. ಬೆಲ್ಲ ಕಂದು ಬಣ್ಣಕ್ಕೆ ಇರುತ್ತಿತ್ತು, ಬಾಯಿಗಿಟ್ಟರೆ ಕಬ್ಬಿನ ಗದ್ದೆಯೇ ನೆನಪಾಗುತ್ತಿತ್ತು. ಆದರೆ ಮಂಡಿಯಲ್ಲಿ ವ್ಯಾಪಾರಿ ಶಾಂತಮಲ್ಲಪ್ಪ ಅದನ್ನು ಹತ್ತು ಮನೆಯ ಬೆಲ್ಲದ ಜೊತೆ ಒಂದೇ ರಾಶಿಗೆ ಸುರಿಯುತ್ತಿದ್ದ. ಒಂದು ದಿನ ಅವಳ ಕಣ್ಣೆದುರೇ ಯಾರೋ ಹೆಂಗಸು ಬಂದು, ಹೋದ ವಾರ ಒಯ್ದ ಬೆಲ್ಲವೇ ಬೇಕೆಂದು ಕೇಳಿದಳಂತೆ. ಅವನು ನಕ್ಕುಬಿಟ್ಟನಂತೆ.

"ನಂದು ಅಂತ ಗೊತ್ತಾಗ್ಬೇಕು ಆಚಾರ್ರೇ," ಎಂದಳು ಕೆಂಪಾಜಮ್ಮ, ನನ್ನನ್ನು ಸಿದ್ದಾಚಾರಿಯ ಮುಂದೆ ಇಳಿಸಿ. "ರಾಶಿ ಒಳಗೆ ಬಿದ್ದಿದ್ರೂವೆ ಎದ್ದು ಕಾಣ್ಬೇಕು. ಇಲ್ದೇ ಹೋದ್ರೆ ನಾನ್ಯಾಕೆ ಬೆಂಡೆ ಜಜ್ಕಂಡು ಕೂತ್ಕಳ್ಲಿ? ನಾನೂ ಪುಡಿ ಸುರ್ದು ಬಿಡ್ತೀನಿ."

ಅವಳು ಸುಮ್ಮನೆ ಹೇಳುವ ಹೆಂಗಸಲ್ಲ.

ಏನು ಕೆತ್ತಬೇಕು ಎಂದು ಆಚಾರಿ ಕೇಳಿದ್ದೇ ತಡ, ಕೆಂಪಾಜಮ್ಮ ಪಟ್ಟಿ ಬಿಚ್ಚಿದಳು. ಒಂದು ಜಲ್ಲೆ ಕಬ್ಬು ಬೇಕು. ಜೋಡೆತ್ತು ಬೇಕು. ಹಿಂದೆ ಹುಟ್ಟುವ ಸೂರ್ಯ, ಕೆಳಗೆ ತನ್ನ ಹೆಸರು, ಊರಿನ ಹೆಸರು. ಗುಳಿಯ ತಳ ಇದ್ದದ್ದು ಒಂದು ಒಬ್ಬಟ್ಟಿನ ಉಂಡೆಯಷ್ಟು. ಆಚಾರಿಯಾದರೂ ಬೇಡವೆನ್ನಬಹುದಿತ್ತು. ಆದರೆ ತಮ್ಮ ಕೈಚಳಕ ತೋರಿಸಲು ಇಂಥ ಅವಕಾಶ ಮತ್ತೆ ಸಿಗದೆಂದು ಅವರೂ ಹಿಗ್ಗಿದರು. ಹದಿನೈದು ದಿನ ಕೂತು ಎತ್ತಿನ ಕೊಂಬಿನ ಗೆಜ್ಜೆಯನ್ನೂ ಬಿಡದೆ ಕೆತ್ತಿದರು. ನಾನಂತೂ ಮದುವಣಗಿತ್ತಿಯ ಹಾಗೆ ಮೆರೆಯುತ್ತ ಆಲೆಮನೆಗೆ ಬಂದೆ.

ಪಾಕ ಹುಯ್ದರು. ಆರಿತು. ಬೋರಲು ಹಾಕಿ ಬಿಗಿದರು. ಒಂದೂ ಉದುರಲಿಲ್ಲ. ಸಣ್ಣ ಸಣ್ಣ ಗೀರುಗಳಿಗೆಲ್ಲ ಪಾಕ ಇಳಿದು ಕಚ್ಚಿಕೊಂಡಿತ್ತು. ಉಗುರು ಹಾಕಿ ಕಿತ್ತಾಗ ಬಂದ ಬೆಲ್ಲದ ಮೇಲೆ ಸೂರ್ಯನೂ ಎತ್ತೂ ಒಂದಾಗಿ ಕೋಳಿ ಕೆದರಿದ ಹಾಗಿತ್ತು.

"ಇದ್ಯಾಕವ್ವ ಬೆಲ್ಲದ ಮೇಲೆ ಕಪ್ಪೆ ಬರ್ಸಿದ್ದೀಯಾ?" ಎಂದ ಶಾಂತಮಲ್ಲಪ್ಪ. ಕೆಂಪಾಜಮ್ಮ ಮಂಡಿಯಿಂದ ದುಮುಗುಟ್ಟುತ್ತ ಬಂದಳು. ನನ್ನನ್ನು ಮೂಲೆಗೆ ಎಸೆದು, ಪೇಟೆಯಿಂದ ಪುಡಿ ತರಿಸುವ ಮಾತೆತ್ತಿದಳು.

ಮೂರನೆಯ ದಿನ ಅವಳು ಒಲೆಯ ಪಕ್ಕ ಹುಳಿಗೆ ಬೆಂಡೆಕಾಯಿ ಹೆಚ್ಚುತ್ತಿದ್ದಳು. ಒಂದು ಬಿಲ್ಲೆ ಹಾರಿ, ಆಗಷ್ಟೇ ತಟ್ಟೆಗೆ ಹುಯ್ದು ಆರಲಿಟ್ಟಿದ್ದ ಬೆಚ್ಚನೆಯ ಬೆಲ್ಲದ ಮೇಲೆ ಬಿತ್ತು. ತೆಗೆಯಲು ಹೋಗಿ ಬೆರಳು ಒತ್ತಿತು. ಎತ್ತಿ ನೋಡಿದರೆ ಅಲ್ಲೊಂದು ಐದು ಮೂಲೆಯ ಗುರುತು, ಅಚ್ಚುಕಟ್ಟಾಗಿ ಮೂಡಿತ್ತು. ಅವಳು ದೂರ ನಿಂತು ನೋಡಿದಳು, ಕಾಣಿಸಿತು. ಕಣ್ಣು ಕಿರಿದು ಮಾಡಿ ನೋಡಿದಳು, ಆಗಲೂ ಕಾಣಿಸಿತು. ಬೆರಳಾಡಿಸಿದಳು, ಬೆರಳಿಗೂ ಸಿಕ್ಕಿತು. ಹೆಚ್ಚುತ್ತಿದ್ದ ಕಾಯಿ ಅಲ್ಲೇ ಬಿಟ್ಟು, ಆ ಬಿಲ್ಲೆಯನ್ನು ಕೈಯಲ್ಲಿ ಹಿಡಿದು, ನನ್ನನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಆಚಾರಿಯ ಮನೆಗೆ ಓಡಿದಳು ನೋಡಿ, ಆ ಓಟದಲ್ಲಿ ನನ್ನ ಮೂಲೆ ಎರಡು ಸಲ ಬಾಗಿಲಿಗೆ ಬಡಿಯಿತು.

"ಇಷ್ಟೇನಾ?" ಎಂದರು ಆಚಾರಿ, ಅವಮಾನವಾದವರಂತೆ. "ಇದ ನಮ್ಮನೆ ಎಮ್ಮೆನೂ ಗೊರಸಲ್ಲಿ ಕೆತ್ತತದೆ."

"ಇಷ್ಟೇಯ. ನಾನು ಬೆಲ್ಲ ಮಾಡದು ಬೆಂಡೇಲಿ. ಅದೇ ನನ್ನ ಗುರುತು. ಎತ್ತು ಎಲ್ಲಾರ ಮನೇಲೂ ಅವೆ."

ಆಚಾರಿ ಸ್ವಲ್ಪ ಹೊತ್ತು ಆ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಹಳೆಯ ಕೆತ್ತನೆಯನ್ನೆಲ್ಲ ಕೆರೆದುಹಾಕಿದರು. ಗೆಜ್ಜೆ ಹೋಯಿತು, ಸೂರ್ಯ ಹೋದ, ನನಗೆ ಅಳುವೇ ಬಂತು. ಅವರು ಐದು ಮೂಲೆಯನ್ನು ದಪ್ಪಗೆ ತೆಗೆದು, ಪಾಕ ಕಚ್ಚದಂತೆ ಅಂಚುಗಳನ್ನು ಓರೆ ಮಾಡಿದರು. ಇಷ್ಟೇ ಇಷ್ಟಕ್ಕೆ ಅವರಿಗೆ ಇಪ್ಪತ್ತು ದಿನ ಹಿಡಿಯಿತು.

ಈ ಸಲ ಒಂದೇ ಪೆಟ್ಟಿಗೆ ಇಪ್ಪತ್ತನಾಲ್ಕೂ ಉದುರಿದವು. ಎಲ್ಲದರ ಮೇಲೂ ಅದೇ ಗುರುತು, ಒಂದರ ಹಾಗೆ ಇನ್ನೊಂದು. ಆಲೆಮನೆಯವರೆಲ್ಲ ಕೆಲಸ ಬಿಟ್ಟು ಬಂದು ನಿಂತರು. ನನಗಾದ ಖುಷಿಯನ್ನು ಏನೆಂದು ಹೇಳಲಿ.

ಮಂಡಿಯಲ್ಲಿ ಮೊದಮೊದಲು ಜನ ಅದನ್ನು ಹೂವೆಂದರು, ನಕ್ಷತ್ರವೆಂದರು. ಕೇಳಿದವರಿಗೆಲ್ಲ ಕೆಂಪಾಜಮ್ಮ ಬೆಂಡೆಯ ಕತೆ ಹೇಳಿದಳು. ನಾಲ್ಕು ಸಂತೆ ಕಳೆಯುವಷ್ಟರಲ್ಲಿ ಜನ ರಾಶಿಗೆ ಕೈಹಾಕಿ ಹುಡುಕತೊಡಗಿದರು. ಶಾಂತಮಲ್ಲಪ್ಪ ಅವಳ ಬೆಲ್ಲಕ್ಕೆ ಬೇರೆಯೇ ಒಂದು ಗೂಡೆ ಇಟ್ಟ. ಊರಾಚೆಯಿಂದ ಬಂದವರೂ "ಬೆಂಡೆ ಗುರುತಿಂದು ಕೊಡಿ" ಎನ್ನುತ್ತಿದ್ದರಂತೆ. ಪೇಟೆಯ ಪುಡಿಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಹೀಗಿರುವಾಗ ಸಂಕ್ರಾಂತಿ ಬಂತು. ಎಳ್ಳುಬೆಲ್ಲಕ್ಕೆ ಎಲ್ಲರಿಗೂ ಬೆಂಡೆ ಗುರುತಿನದೇ ಬೇಕು. ಶಾಂತಮಲ್ಲಪ್ಪ ಟೆಂಪೊ ತಂದು ಬಾಗಿಲಲ್ಲೇ ನಿಂತ. ಅವನ ಅವಸರ ಕೆಂಪಾಜಮ್ಮನಿಗೂ ಹತ್ತಿತು. ಲೋಳೆ ಬಿಡುವುದು ತಡವಾಯಿತು, ಉರಿ ಜಾಸ್ತಿಯಾಯಿತು, ತಳ ಸೀದುಹೋಯಿತು. ನಾನು ನೀರಲ್ಲಿ ನೆಂದು ಗುಳಿ ತೆರೆದು ಕಾಯುತ್ತಿದ್ದೆ. ಅವಳು ಒಂದು ತೊಟ್ಟು ನಾಲಿಗೆಗೆ ಹಚ್ಚಿಕೊಂಡಳು, ಮುಖ ಕಪ್ಪಿಟ್ಟಿತು.

"ವಸಿ ಸೀದದೆ. ಕಹಿ ಅದೆ."

"ಗುರುತಿದ್ರೆ ಸಾಕು ಕನಮ್ಮ," ಎಂದ ಶಾಂತಮಲ್ಲಪ್ಪ. "ಜನ ಕಣ್ ಮುಚ್ಕಂಡು ತಗತರೆ."

ಪಾಕ ಗಟ್ಟಿಯಾಗುತ್ತಿತ್ತು. ಇನ್ನು ತಡಮಾಡಿದರೆ ಯಾವ ಅಚ್ಚಿಗೂ ಒಗ್ಗುವುದಿಲ್ಲ. ಹುಯ್ಯಿ, ಹುಯ್ಯಿ ಎಂದು ನಾನೂ ಒಳಗೊಳಗೆ ಹಾತೊರೆದದ್ದು ನಿಜ. ಹಬ್ಬದ ಬೆಲ್ಲವಲ್ಲವೇ.

ಅವಳು ನನ್ನನ್ನು ಕಾಲಿಂದ ಪಕ್ಕಕ್ಕೆ ಸರಿಸಿದಳು. "ಕಣ್ ಮುಚ್ಕಂಡು ತಗತರೆ ಅಂತಲೇ ಹಾಕ್ಬಾರ್ದು ಸಾವ್ಕಾರ್ರೇ. ಗುರುತು ಬ್ಯಾಡ, ಬಕೀಟಿಗೆ ಹುಯ್ರಿ. ಸೀದದೆ ಅಂತ ಹೇಳೇ ಮಾರಿ."

ಶಾಂತಮಲ್ಲಪ್ಪ ಬೈದುಕೊಂಡೇ ಹೋದ. ಅವಳು ಒಲೆಯ ಮುಂದೆ ಕೂತು, ಕೈಯಾರೆ ಎಲ್ಲ ಕಳೆದುಕೊಂಡೆನೆಂದು ಅತ್ತಳು.

ಹಬ್ಬದ ಮಾರನೆಯ ದಿನ ಅವನೇ ಬಂದ. ಕೂರಲಿಲ್ಲ, ನಿಂತೇ ಹೇಳಿದ. "ಬೆಂಡೆ ಗುರುತಿಂದು ಈ ಸಲ ಯಾಕಿಲ್ಲ ಅಂದ್ರು. ಸೀದೋಯ್ತು, ಅದ್ಕೇ ಕೊಡ್ನಿಲ್ಲ ಅಂದೆ. ಬೇರೆದು ತಗಳಿ ಅಂದ್ರೆ ಅರ್ಧ ಜನ ಕೇಳ್ನಿಲ್ಲ ಕನಮ್ಮ. ಬರೋ ಸಂತೆಗೆ ಎತ್ತಿಟ್ಟಿರಿ ಅಂತ ಹೇಳ್ಬುಟ್ಟು ಹೋದ್ರು."

ಈಗ ನನಗೆ ವಯಸ್ಸಾಗಿದೆ. ಬಿಸಿ ಪಾಕ ತಿಂದು ತಿಂದು ಅಂಚುಗಳು ಸವೆದಿವೆ. ಸಿದ್ದಾಚಾರಿ ನನ್ನ ಅಳತೆ ತೆಗೆದುಕೊಂಡು ಹೊಸ ಹಲಗೆ ಮಾಡಿದ್ದಾರೆ. ನಾನು ಗೋಡೆಗೆ ಒರಗಿ ಕೂತಿದ್ದೇನೆ. ಕೊಪ್ಪರಿಗೆ ಕುದಿಯುವ ಸದ್ದಿಗೆ ಈಗಲೂ ಮೈಯೆಲ್ಲ ಪುಳಕವೇಳುತ್ತದೆ. ಹೊಸ ಹಲಗೆ ನೀರಲ್ಲಿ ನೆನೆಯುತ್ತ, ತನ್ನ ಗುರುತಿನ ಚೆಂದಕ್ಕೆ ತಾನೇ ಬೀಗುತ್ತಿದೆ. ನಾನೂ ಹಾಗೇ ಬೀಗುತ್ತಿದ್ದೆ. ಒಲೆಯ ಹತ್ತಿರ ಕೆಂಪಾಜಮ್ಮ ಪಾಕವನ್ನು ಬೆರಳಲ್ಲಿ ಉರುಳಿಸಿ ನಾಲಿಗೆಗೆ ಹಚ್ಚುತ್ತಿದ್ದಾಳೆ. ಅವಳು ಹ್ಞೂಂ ಅನ್ನುವವರೆಗೂ ಆ ಹೊಸ ಹಲಗೆ ಬರೀ ಒಂದು ಮರದ ತುಂಡು.